ಹಿಂದಿನ ಮನೆಯ ಸೀಸದ ಪೈಪು

ಹಿಂದಿನ ಮನೆ
ಸೆಪ್ಟೆಂಬರ್ ೮, ೨೦೧೫

ಶ್ರೀ ತಮೆಕಿಚಿ ಅವರಿಗೆ,

ನಿಮ್ಮ ತಂಗಿ ತೊಕಿಕೊ ಬರೆಯುವುದು. ನಿಮ್ಮ ಅಡುಗೆಮನೆಯ ಕಿಟಕಿಯಿಂದ ನನ್ನ ಬಾಗಿಲಿಗೆ ಹನ್ನೆರಡು ಹೆಜ್ಜೆ. ಆದರೂ ಈ ಕಾಗದಕ್ಕೆ ಅಂಚೆಚೀಟಿ ಹಚ್ಚಿ, ರೈಲು ನಿಲ್ದಾಣದ ಹತ್ತಿರದ ಡಬ್ಬಕ್ಕೆ ಹಾಕಿ ಬರುತ್ತೇನೆ. ಹನ್ನೊಂದು ವರ್ಷ ಮಾತು ಬಿಟ್ಟವಳು ಈಗ ಬೇಲಿಯ ಮೇಲಿಂದ ಕೂಗಿದರೆ ಅಕ್ಕಪಕ್ಕದವರಿಗೆ ಪುಕ್ಕಟೆ ತಮಾಷೆ.

ವಿಷಯ ನೀರಿನದು. ಆಗಸ್ಟಿನಲ್ಲಿ ಬೀದಿಯ ಚರಂಡಿ ಅಗೆಯುವಾಗ, ನಿಮ್ಮ ಅಂಗಳದ ಕೆಳಗೆ ಹಾದು ನನ್ನ ಮನೆಗೆ ಬರುವ ಪೈಪಿನ ತುದಿ ಕಾಣಿಸಿತಂತೆ. ನೀರು ಇಲಾಖೆಯವನು ಅದನ್ನು ಚಾಕುವಿನಿಂದ ಕೆರೆದು ನೋಡಿದ. ಬೆಣ್ಣೆಯ ಹಾಗೆ ಕೆರೆದು ಬಂತು, ಒಳಗೆ ಬೆಳ್ಳಿಯ ಹೊಳಪು. ಸೀಸ. ಇಲಾಖೆಯ ನಕ್ಷೆಯಲ್ಲಿ ಮಾತ್ರ ೧೯೮೧ರಲ್ಲೇ ಸೀಸ ತೆಗೆದು ಪ್ಲಾಸ್ಟಿಕ್ ಹಾಕಿದ್ದಾಗಿದೆ ಎಂದಿದೆ. ಕೆಲಸ ಮಾಡಿದವರ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಮೊಹರು. "ಇದು ಹೇಗಾಯ್ತು ಅಂತ ನಿಮಗೇನಾದ್ರೂ ಗೊತ್ತಾಮ್ಮ?" ಎಂದು ಕೇಳಿದ. ನನಗೇನು ಗೊತ್ತು, ನಾನು ನೀರು ಕುಡಿದವಳು ಅಷ್ಟೇ.

ಹೊಸ ಪೈಪು ಹಾಕಿಕೊಡುತ್ತಾರಂತೆ. ಆದರೆ ಅಗೆಯಬೇಕಾದದ್ದು ನಿಮ್ಮ ಅಂಗಳ. ಜಾಗದ ಒಡೆಯರು ಒಪ್ಪದೆ ಒಂದು ಗುದ್ದಲಿಯನ್ನೂ ಊರುವುದಿಲ್ಲವಂತೆ. ಒಪ್ಪಿಗೆಯ ಕಾಗದ ಜೊತೆಗಿಟ್ಟಿದ್ದೇನೆ. ಪೆನ್ಸಿಲಿನಲ್ಲಿ ಸುತ್ತು ಹಾಕಿದ ಕಡೆ ಮೊಹರು ಒತ್ತಿದರೆ ಸಾಕು. ನವೆಂಬರ್ ಹದಿನೈದರೊಳಗೆ ಅದು ಇಲಾಖೆಗೆ ಸೇರಬೇಕು. ಡಿಸೆಂಬರ್ ಒಂದರಿಂದ ಹಿಮ ತೆಗೆಯುವ ಗಾಡಿಗಳು ಓಡಾಡುತ್ತವೆ, ರಸ್ತೆ ಅಗೆಯುವುದು ಬಂದ್. ಆಮೇಲೆ ಏಪ್ರಿಲಿಗೇ. ಇದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಅವಸರ ಏಕೆಂದರೆ, ನನ್ನ ಮಗಳು ಮಿಹೊ ಬಸುರಿ. ಡಿಸೆಂಬರ್ ಮಧ್ಯದಲ್ಲಿ ಹೆರಿಗೆಗೆ ತವರಿಗೆ ಬರುತ್ತಾಳೆ. ಜನವರಿಯಲ್ಲಿ ಮಗು. ಆ ಮಗುವಿನ ಬಾಯಿಗೆ ಈ ನೀರು ಹೋಗಕೂಡದು.

ಅತ್ತಿಗೆಗೆ ನಮಸ್ಕಾರ.
ತೊಕಿಕೊ


ಮುಂದಿನ ಮನೆ
ಸೆಪ್ಟೆಂಬರ್ ೨೦

ತೊಕಿಕೊ,

ನಾನು ನಿನಗೆ 'ನೀವು' ಆದದ್ದು ಯಾವಾಗ? ಬ್ಯಾಂಕಿನವರು ಬರೆದ ಕಾಗದ ಎಂದುಕೊಂಡೆ. ಅಂಚೆಯವನು ಬೇರೆ, "ಏನ್ ಯಜಮಾನ್ರೇ, ಹಿಂದಿನ್ಮನೆಯಿಂದ ಮುಂದಿನ್ಮನೆಗೆ ಊರೆಲ್ಲಾ ಸುತ್ತಿಸ್ತೀರಲ್ಲ ನನ್ನ" ಎಂದು ಹಲ್ಲು ಕಿರಿದ. ನಾನೂ ಅಂಚೆಗೇ ಹಾಕುತ್ತೇನೆ. ಶುರು ಮಾಡಿದವಳು ನೀನು.

ಮೊಹರು ಒತ್ತುವುದಿಲ್ಲ. ನಕ್ಷೆಯಲ್ಲಿ ಪ್ಲಾಸ್ಟಿಕ್ ಎಂದಿದ್ದರೆ ಪ್ಲಾಸ್ಟಿಕ್ಕೇ. ಟೈ ಕಟ್ಟಿಕೊಂಡು ಬರುವ ಈಗಿನವರಿಗೆ ಸೀಸಕ್ಕೂ ಶ್ಯಾವಿಗೆಗೂ ವ್ಯತ್ಯಾಸ ಗೊತ್ತಿಲ್ಲ. ಐವತ್ತು ವರ್ಷ ಈ ಊರಿನ ನೆಲದೊಳಗೆ ಕೈ ಹಾಕಿದ ಕೊಳಾಯಿ ಕೆಲಸದವನು ನಾನು. ನನಗೆ ಪಾಠ ಹೇಳುವವನು ಇಡೀ ಹೊಕ್ಕೈಡೊ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ. ಅಂಗಳ ಬಗೆದರೆ ನಿನ್ನ ಅತ್ತಿಗೆಯ ಹೂಗಿಡಗಳೂ ಹಾಳು.

ಅಷ್ಟು ಭಯವಿದ್ದರೆ ಬೆಳಿಗ್ಗೆ ಮೊದಲ ಒಂದು ಬಕೆಟ್ ನೀರನ್ನು ಬಟ್ಟೆ ಒಗೆಯುವುದಕ್ಕೆ ಹಾಕು, ಆಮೇಲಿನದನ್ನು ಕುಡಿ.

ಇನ್ನೊಂದು ಮಾತು. ಹೋದ ಫೆಬ್ರವರಿಯಲ್ಲಿ ಮೂರು ದಿನ ನೀನು ಮಲಗುವ ಮುಂಚೆ ಪೈಪಿನ ನೀರು ಇಳಿಸಿ ಖಾಲಿ ಮಾಡಲಿಲ್ಲ. ನೀನು ಹಿಡಿ ತಿರುಗಿಸಿದರೆ ನೀರು ಮಣ್ಣಿಗೆ ಇಳಿಯುವ ಗೊಳಗೊಳ ಸದ್ದು ನನ್ನ ಮನೆಗೆ ಕೇಳಿಸುತ್ತದೆ. ಆ ಮೂರು ದಿನ ಕೇಳಿಸಲಿಲ್ಲ. ಗೋಡೆಯೊಳಗೆ ಹೆಪ್ಪುಗಟ್ಟಿ ಪೈಪು ಒಡೆದಿದ್ದರೆ ಯಾರನ್ನು ಕರೆಯುತ್ತಿದ್ದೆ? ನಾನಂತೂ ಬರುತ್ತಿರಲಿಲ್ಲ.

ಮಿಹೊಗೆ ಒಳ್ಳೆಯದಾಗಲಿ.
ತಮೆಕಿಚಿ


ಹಿಂದಿನ ಮನೆ
ಅಕ್ಟೋಬರ್ ೨

ಅಣ್ಣ,

ಸರಿ, 'ನೀನು' ಎಂದೇ ಕರೆಯುತ್ತೇನೆ. ಬಯ್ಯುವುದಕ್ಕೂ ಅದೇ ಸಲೀಸು.

ಆ ಮೂರು ದಿನ ನೊಬುಯನಿಗೆ ನ್ಯುಮೋನಿಯಾ. ಮಗನ ಜೊತೆ ನಾನು ಆಸ್ಪತ್ರೆಯಲ್ಲಿದ್ದೆ. ಮನೆಯ ನೀರು ಇಳಿಸಿಯೇ ಹೋಗಿದ್ದೆ. ನೀರಿನ ಸದ್ದಿಗೆ ಕಿವಿಗೊಟ್ಟು ಕೂರುವವನಿಗೆ ಮನೆಯಲ್ಲಿ ದೀಪ ಉರಿಯದ್ದು ಕಾಣಿಸಲಿಲ್ಲವೇ?

ಪ್ಲಾಸ್ಟಿಕ್ ಪೈಪಾಗಿದ್ದರೆ ಒಂದು ಬಕೆಟ್ ನೀರು ಯಾಕೆ ಬಿಡಬೇಕು? ಇಲಾಖೆಯವನೂ ಅದನ್ನೇ ಹೇಳಿದ. "ನೀವು ದಿನಾ ನೀರಿಳಿಸಿದ್ರೂ ಮನೆಯೊಳಗಿನ ಪೈಪು ಮಾತ್ರ ಖಾಲಿ ಆಗೋದು ಅಮ್ಮ. ನೆಲದೊಳಗಿನ ಸೀಸದಲ್ಲಿ ನೀರು ರಾತ್ರಿಯೆಲ್ಲ ನಿಂತಿರುತ್ತೆ. ಆ ನೀರು ಕೂಸುಗಳಿಗೆ ಆಗಬರಲ್ಲ" ಎಂದ. ನಿನ್ನ ಕಾಗದದಲ್ಲಿ ನೀನೇ ಸಿಕ್ಕಿಬಿದ್ದೆ.

ಅಮ್ಮನ ಅಭ್ಯಾಸ ನಿನಗೂ ಗೊತ್ತು. ಬೆಳಿಗ್ಗೆ ನಲ್ಲಿಯ ಮೊದಲ ನೀರು ಹಿರಿಯರ ಪೀಠಕ್ಕೆ. ಎರಡನೆಯ ನೀರು ಇಟ್ಟರೆ ಎಂಜಲು ಇಟ್ಟ ಹಾಗೆ ಎನ್ನುತ್ತಿದ್ದಳು. ಕೆಟಲಿನ ತುಂಬ ಮೊದಲ ನೀರು ಹಿಡಿದು, ಒಂದು ಬಟ್ಟಲು ಅಪ್ಪನ ಪಟದ ಮುಂದಿಟ್ಟು, ಉಳಿದದ್ದನ್ನು ಕುದಿಸಿ ನೊಬುಯನ ಹಾಲಿನ ಪುಡಿಗೆ ಕಲಸುತ್ತಿದ್ದಳು. "ಹಿರಿಯರ ಪಾಲಿನ ನೀರು ಕಣೇ, ಮಗು ಗಟ್ಟಿಯಾಗುತ್ತೆ." ನನಗೆ ಎದೆಹಾಲು ಬರಲಿಲ್ಲ, ಕಾಗದದ ಕಾರ್ಖಾನೆಯ ಕೆಲಸವೂ ಇತ್ತು. ಹದಿನಾಲ್ಕು ತಿಂಗಳು, ಒಂದು ದಿನವೂ ತಪ್ಪದೆ. ಮಿಹೊ ಹುಟ್ಟಿದಾಗ ನನಗೆ ಹಾಲು ಬೇಕಾದಷ್ಟಿತ್ತು.

ನೊಬುಯನಿಗೆ ಈಗ ಮೂವತ್ತೆರಡು. ಲಾಂಡ್ರಿಯಲ್ಲಿ ಆಸ್ಪತ್ರೆಯ ಬಟ್ಟೆ ಮಡಿಸುತ್ತಾನೆ, ಅವನಷ್ಟು ಚೊಕ್ಕವಾಗಿ ಮಡಿಸುವವರು ಅಲ್ಲಿ ಇಲ್ಲ. ಗಡಿಯಾರ ನೋಡಿ ಗಂಟೆ ಹೇಳಲು ಬರುವುದಿಲ್ಲ.

ಅಮ್ಮ ತೀರಿಕೊಂಡ ನಲವತ್ತೊಂಬತ್ತನೆಯ ದಿನದ ಪೂಜೆಗೆ ಬಂದವರೆಲ್ಲ ಊಟಕ್ಕೆ ಕೂತಿರುವಾಗ, ನೀನು ಏನೆಂದೆ? "ಏಳು ತಿಂಗಳ ಬಸುರಿ ಮಂಜುಗಡ್ಡೆ ಮೇಲೆ ಜಾರಿ ಬಿದ್ಲಲ್ಲ, ಅದರ ಫಲ ಈ ಹುಡುಗ. ನೆಲ ನೋಡ್ಕೊಂಡು ನಡೆಯೋಕೆ ಅವಳಿಗೆ ಯಾವತ್ತು ಬಂದಿದೆ?" ನೀನು ಸುಳ್ಳು ಹೇಳಿದೆ ಎಂದು ನಾನು ಮಾತು ಬಿಟ್ಟದ್ದಲ್ಲ. ನಾನೂ ಅದನ್ನೇ ನಂಬಿದ್ದೆ, ನೀನು ಎಲ್ಲರ ಮುಂದೆ ಅಂದುಬಿಟ್ಟೆಯಲ್ಲ ಎಂದು ಬಿಟ್ಟದ್ದು.

ಈಗ ಒಂದೇ ಪ್ರಶ್ನೆ. ಅಲ್ಲಿ ಸೀಸ ಇದೆಯೆಂದು ನಿನಗೆ ಯಾವಾಗಿನಿಂದ ಗೊತ್ತು?

ಉತ್ತರ ಕಾಯುವ
ತೊಕಿಕೊ


ಮುಂದಿನ ಮನೆ
ಅಕ್ಟೋಬರ್ ೨೬

ತೊಕಿಕೊ,

ಮೂರು ವಾರದಲ್ಲಿ ನಾಲ್ಕು ಸಲ ಬರೆದು ಹರಿದೆ.

ಸೀಸ ಇದೆ. ಮೊದಲಿನಿಂದಲೂ ಗೊತ್ತು. ತೆಗೆದಾಯಿತು ಎಂದು ಮೊಹರು ಒತ್ತಿದವನು ನಾನೇ. ಮೀಟರಿನ ಡಬ್ಬದ ಮುಚ್ಚಳ ತೆಗೆದರೆ ಕಾಣುವಷ್ಟು ಮಾತ್ರ ಪ್ಲಾಸ್ಟಿಕ್ ಹಾಕಿದೆ.

ಕಾರಣ ಕೇಳು. ಅದರ ಹಿಂದಿನ ವರ್ಷ ಸೇತುವೆಯಾಚೆಯ ಒಂದು ಮನೆಗೆ ನಾನೇ ಪ್ಲಾಸ್ಟಿಕ್ ಹಾಕಿದ್ದೆ. ಫೆಬ್ರವರಿಯಲ್ಲಿ ಅದು ನೆಲದೊಳಗೇ ಹೆಪ್ಪುಗಟ್ಟಿತು. ಸೀಸವಾಗಿದ್ದರೆ ಎರಡು ತುದಿಗೆ ತಂತಿ ಕಚ್ಚಿಸಿ ಕರೆಂಟು ಬಿಟ್ಟರೆ ಪೈಪು ತಾನೇ ಬೆಚ್ಚಗಾಗಿ ಅರ್ಧ ಗಂಟೆಯಲ್ಲಿ ನೀರು ಬರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯುವುದಿಲ್ಲ. ಆ ಮನೆಯ ಮುದುಕಿ ಏಪ್ರಿಲ್‌ವರೆಗೆ ಹಿಮದ ಮೇಲೆ ಬಂಡಿ ಎಳೆದುಕೊಂಡು ಪಕ್ಕದ ಬೀದಿಯಿಂದ ನೀರು ತಂದಳು. ನಮ್ಮ ಪೈಪು ಅಪ್ಪ ಹಾಕಿದ್ದು. ಮೂರಡಿಗೇ ಬಂಡೆ ಸಿಕ್ಕಿತೆಂದು ಅಷ್ಟಕ್ಕೇ ನಿಲ್ಲಿಸಿದ್ದ, ಆಳ ಸಾಲದು. ಪ್ಲಾಸ್ಟಿಕ್ ಹಾಕಿದರೆ ನಿನಗೂ ಅಮ್ಮನಿಗೂ ಆ ಮುದುಕಿಯ ಗತಿಯೇ ಬರುತ್ತಿತ್ತು. ನಿಮಗೋಸ್ಕರ ಸೀಸ ಬಿಟ್ಟೆ. ಆಮೇಲೆ ಹದಿನೇಳು ಸಲ ಹೆಪ್ಪುಗಟ್ಟಿತು, ಹದಿನೇಳು ಸಲವೂ ಯಂತ್ರ ಹೊತ್ತುಕೊಂಡು ಬಂದು ಕರಗಿಸಿಕೊಟ್ಟೆ. ಅದೂ ಲೆಕ್ಕಕ್ಕಿಲ್ಲವೇ?

ಸೀಸ ಮೈಗೆ ಆಗದು ಎಂದು ನಮ್ಮಂಥ ಕೆಲಸದವರಿಗೆ ಆಗ ಯಾರೂ ಹೇಳಿರಲಿಲ್ಲ. ಸೋರುತ್ತದೆ, ತೆಗೆಯಿರಿ ಎಂದಿದ್ದರು ಅಷ್ಟೇ.

ಡಿಸೆಂಬರ್ ಹನ್ನೆರಡಕ್ಕೆ ಕೊಳಾಯಿ ಕೆಲಸದವರ ಸಂಘದಲ್ಲಿ ನನಗೆ ಸನ್ಮಾನ. ಇಲಾಖೆಯವರು ಅಂಗಳ ಬಗೆದರೆ ನಕ್ಷೆ ಸುಳ್ಳೆಂದು ಊರಿಗೆಲ್ಲ ಗೊತ್ತಾಗುತ್ತದೆ. ನನ್ನ ಅಂಗಳ, ನನ್ನ ಗುದ್ದಲಿ. ಮಿಹೊ ಬರುವುದರೊಳಗೆ ನಾನೇ ಅಗೆದು ಹೊಸ ಪೈಪು ಕೂರಿಸುತ್ತೇನೆ. ನೀನು ಬಾಯಿ ಬಿಡಬೇಡ.

ನಿನ್ನ ಅಣ್ಣ
ತಮೆಕಿಚಿ


ಹಿಂದಿನ ಮನೆ
ನವೆಂಬರ್ ೧೧

ಅಣ್ಣ,

ನೀನು ಅಗೆಯುವುದು ಕಿಟಕಿಯಿಂದ ಕಾಣುತ್ತಿದೆ. ಎಪ್ಪತ್ತಾರರ ಮುದುಕ, ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು, ಹತ್ತು ಸಲ ಗುದ್ದಲಿ ಎತ್ತಿದರೆ ಇಪ್ಪತ್ತು ಸಲ ನಿಲ್ಲುತ್ತೀಯ. "ಸಾಕು ಬನ್ರೀ, ಆ ಗುಂಡಿ ನಿಮಗೇ ಆದೀತು" ಎಂದು ಅತ್ತಿಗೆ ಕೂಗಿದ್ದೂ ಕೇಳಿಸಿತು. ನನಗೆ ನಗು ಬಂತು. ಆಮೇಲೆ ನಕ್ಕದ್ದಕ್ಕೆ ಸಿಟ್ಟು ಬಂತು.

ಎರಡು ವಾರದಲ್ಲಿ ಮೂರು ಮೀಟರ್ ಅಗೆದಿದ್ದೀಯ. ಒಟ್ಟು ಇಪ್ಪತ್ತಿದೆ. ರಸ್ತೆಯ ಕೆಳಗಿನ ತುಂಡನ್ನು ಇಲಾಖೆಗೆ ತಿಳಿಯದೆ ಹೇಗೆ ತೆಗೆಯುತ್ತೀಯ? ಒಮ್ಮೆ ಮುಚ್ಚಿಟ್ಟೆ, ಈಗ ಮುಚ್ಚಿಟ್ಟದ್ದನ್ನು ಮುಚ್ಚಲು ಅಗೆಯುತ್ತಿದ್ದೀಯ. ಮಗುವಿಗಾಗಿ ಅಲ್ಲ, ಸಂಘದವರು ಕೊಡುವ ಪ್ರಶಸ್ತಿಪತ್ರಕ್ಕಾಗಿ.

ನನ್ನ ಮಾತು ಕೇಳು, ಮಣ್ಣು ವಾಪಸ್ ಎಳೆ. ಪೈಪಿನ ಮೇಲಿನ ಮಣ್ಣೇ ಅದಕ್ಕೆ ಕಂಬಳಿ. ಇಂದು ಬೆಳಿಗ್ಗೆ ಅಂಗಳದ ಕೆಸರು ಗಟ್ಟಿಯಾಗಿತ್ತು. ನಾನು ಹೇಳಿ ನಿನಗೆ ತಿಳಿಯಬೇಕೇ ಇದು?

ಇನ್ನು ನಾಲ್ಕು ದಿನ ಉಳಿದಿದೆ. ಮೊಹರು ಒತ್ತು. ಅಂಚೆಗೆ ಹಾಕಿಕೊಂಡು ಕೂರಬೇಡ, ಬಾಗಿಲ ಸಂದಿಯಲ್ಲಿ ತೂರಿಸಿ ಹೋಗು. ನಾನೂ ಈ ಕಾಗದವನ್ನು ಹಾಗೇ ತೂರಿಸುತ್ತೇನೆ. ನಿನ್ನ ಹೆಸರು ಹಾಳಾಗಬಾರದು ಎಂದಾದರೆ ಇಲಾಖೆಯವರಿಗೆ ನಾನೇ ಹೇಳುತ್ತೇನೆ, ಮುದುಕನಿಗೆ ನೆನಪಿಲ್ಲವಂತೆ ಎಂದು. ಅಷ್ಟು ಸುಳ್ಳು ನಾನೂ ಹೇಳಬಲ್ಲೆ. ಬೇಡಿಕೊಳ್ಳುತ್ತಿದ್ದೇನೆ, ಅಣ್ಣ.

ತೊಕಿಕೊ


ಮುಂದಿನ ಮನೆ
ಡಿಸೆಂಬರ್ ೫

ತೊಕಿಕೊ,

ನಿನ್ನೆ ನಡೆದದ್ದು ನಿನಗೆ ಗೊತ್ತು. ಆದರೂ ನನ್ನ ಕೈಯಿಂದ ಬರೆದುಕೊಡಬೇಕು.

ಮೊನ್ನೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿಳಿಯಿತು. ಗುಂಡಿಯ ಮೇಲೆ ಹಲಗೆ, ಹಳೆಯ ಕಂಬಳಿ ಎಲ್ಲ ಹೊದಿಸಿದ್ದೆ. ಸಾಲಲಿಲ್ಲ. ತೆರೆದಿದ್ದ ಮೂರು ಮೀಟರ್ ಹೆಪ್ಪುಗಟ್ಟಿತು. ಎಂದಿನಂತೆ ತಂತಿ ಕಚ್ಚಿಸಿ ಕರೆಂಟು ಬಿಟ್ಟೆ. ಸ್ವಲ್ಪ ಜಾಸ್ತಿಯೇ ಬಿಟ್ಟೆನೆಂದು ಕಾಣುತ್ತದೆ, ಬೇಗ ಆಗಲಿ ಎಂದು. ಅಪ್ಪ ಹಾಕಿದ ಬೆಸುಗೆ ಕರಗಿ ಬಾಯಿ ಬಿಟ್ಟಿತು. ಒಂದು ಕಡೆ ಮುಚ್ಚಲು ಹೋದರೆ ಇನ್ನೊಂದು ಕಡೆ ಸೀಳುತ್ತದೆ. ನಿನ್ನ ಮನೆಯ ನೀರನ್ನು ರಸ್ತೆಯ ಹತ್ತಿರವೇ ನಿಲ್ಲಿಸಬೇಕಾಯಿತು.

ಮೊಹರು ಒತ್ತಿದ ಕಾಗದ ಜೊತೆಗಿದೆ.

ನನ್ನ ಅಡುಗೆಮನೆಯ ನಲ್ಲಿ ನಿನಗೆ ಯಾವಾಗಲೂ ತೆರೆದಿದೆ. ಬಾಗಿಲಿಗೆ ಚಿಲಕ ಹಾಕುವುದಿಲ್ಲ.

ತಮೆಕಿಚಿ


ಹಿಂದಿನ ಮನೆ
ಡಿಸೆಂಬರ್ ೧೬

ಅಣ್ಣ,

ನಿನ್ನ ಮೊಹರಿನ ಕಾಗದ ತೆಗೆದುಕೊಂಡು ಇಲಾಖೆಗೆ ಹೋಗಿದ್ದೆ. ಆ ಮನುಷ್ಯ ಎದ್ದುನಿಂತು ಬಗ್ಗಿ ಕ್ಷಮೆ ಕೇಳಿದ. ಏಪ್ರಿಲ್. ಅದಕ್ಕೂ ಮುಂಚೆ ಅವನ ಕೈಯಲ್ಲೂ ಏನೂ ಇಲ್ಲ.

ಮಿಹೊ ಬರುವುದಿಲ್ಲ. ಫೋನಿನಲ್ಲಿ ಅತ್ತಳು. "ನೀರಿಲ್ಲದ ಮನೇಲಿ ಬಾಣಂತನ ಹೇಗಮ್ಮ ಮಾಡ್ತೀಯ? ಅತ್ತೆ ಇಲ್ಲೇ ಇರು ಅಂತಿದ್ದಾರೆ. ನೀನು ಬೇಜಾರು ಮಾಡ್ಕೋಬೇಡ." ಸೆಂಡೈ ಪಟ್ಟಣದ ಆ ಅತ್ತೆ ಒಳ್ಳೆಯವಳೇ. ಅದೂ ಒಂದು ಸಂಕಟ. ಮಗು ಬರುತ್ತದೆಂದು ನೊಬುಯ ಒಂದು ತಿಂಗಳಿಂದ ಪುಟ್ಟ ಬಟ್ಟೆಗಳನ್ನು ಮಡಿಸಿ ಮಡಿಸಿ ಇಟ್ಟಿದ್ದ. "ಯಾವತ್ತಮ್ಮ ಬರೋದು?" ಎಂದು ದಿನಾ ಕೇಳುತ್ತಾನೆ. ದಾರಿ ದೂರ, ನೊಬುಯನನ್ನು ಬಿಟ್ಟು ನಾನು ಹೋಗುವಂತಿಲ್ಲ, ಕರೆದುಕೊಂಡು ಹೋದರೆ ಹೊಸ ಜಾಗದಲ್ಲಿ ಅವನು ನಿದ್ದೆ ಮಾಡುವುದಿಲ್ಲ. ಮೊದಲ ಮೊಮ್ಮಗುವನ್ನು ನಾನು ಎತ್ತಿಕೊಳ್ಳುವುದಿಲ್ಲ ಎಂದಾಯಿತು.

ನಿನ್ನ ಮನೆಯ ನೀರು ಮುಟ್ಟಬಾರದು ಎಂದು ಅಂಗಡಿಯಿಂದ ಬಾಟಲಿ ಹೊತ್ತು ತರುತ್ತಿದ್ದೆ. ನೊಬುಯ ಬೇಲಿಯ ಹಲಗೆ ಕಿತ್ತು, ಎರಡು ಬಕೆಟ್ ಹಿಡಿದುಕೊಂಡು ನಿನ್ನ ಅಡುಗೆಮನೆಗೆ ನುಗ್ಗಿದ. ಮಾವನ ನೀರು ನಮಗೆ ಬೇಡ ಕಣೋ ಎಂದೆ. "ನೀರು ಮಾವಂದಲ್ಲಮ್ಮ, ನಲ್ಲೀದು" ಎಂದ.

ಅಂದ ಹಾಗೆ, ಇಲಾಖೆಯವನು ನಕ್ಷೆ ಹರಡಿ ತೋರಿಸುವಾಗ ಒಂದು ವಿಷಯ ಹೇಳಿದ. ನಿನ್ನ ಮನೆಯ ಪೈಪು ನಿಜವಾಗಿಯೂ ಪ್ಲಾಸ್ಟಿಕ್. ಚರಂಡಿ ಅಗೆಯುವಾಗ ಅದನ್ನೂ ನೋಡಿದ್ದಾರೆ. ೧೯೮೧ರ ಬೇಸಿಗೆಯಲ್ಲಿ ಹಾಕಿದ್ದು. ಕರೆಂಟು ಹರಿಯದ, ಮುದುಕಿಯರಿಂದ ಬಂಡಿ ಎಳೆಸುವ ಆ ಪ್ಲಾಸ್ಟಿಕ್ಕನ್ನು ನೀನು ನಿನಗೆ ಮಾತ್ರ ಹಾಕಿಕೊಂಡೆ. ಹಾಗಾದರೆ ನಮಗೋಸ್ಕರ ಎಂದದ್ದು ಏನು?

ಸನ್ಮಾನ ಚೆನ್ನಾಗಿ ಆಯಿತೆಂದು ನಂಬಿದ್ದೇನೆ.

ತೊಕಿಕೊ


ಮುಂದಿನ ಮನೆ
ಜನವರಿ ೨೪, ೨೦೧೬

ತೊಕಿಕೊ,

ಹೆಣ್ಣು ಮಗುವಂತೆ, ನಿನ್ನ ಅತ್ತಿಗೆ ಹೇಳಿದಳು. ಸಂತೋಷ ಎಂದು ಬರೆಯುವ ಹಕ್ಕು ನನಗಿಲ್ಲ.

ಸನ್ಮಾನಕ್ಕೆ ಹೋಗಿದ್ದೆ. "ಐವತ್ತು ವರ್ಷ, ಒಂದೇ ಒಂದು ದೂರಿಲ್ಲದೆ" ಎಂದು ಓದಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ತಲೆ ಎತ್ತಲಾಗಲಿಲ್ಲ. ವಿನಯ ಎಂದುಕೊಂಡು ಇನ್ನೊಮ್ಮೆ ತಟ್ಟಿದರು.

ನಿಜ ಹೇಳುತ್ತೇನೆ. ಕರೆಂಟಿನ ಕಥೆ ಸುಳ್ಳಲ್ಲ, ಆದರೆ ಕಾರಣ ಅದಲ್ಲ. ಆ ವರ್ಷ ಇಲಾಖೆಯವರು ನನಗೆ ನಲವತ್ತಾರು ಮನೆಯ ಸೀಸ ತೆಗೆಯಲು ಒಪ್ಪಿಸಿದ್ದರು. ನವೆಂಬರ್ ಕೊನೆಗೆ ಮುಗಿಸಬೇಕಿತ್ತು. ಬೇರೆಯವರು ದಿನಾ ಬಂದು ನನ್ನದು ಯಾವಾಗ, ನನ್ನದು ಯಾವಾಗ ಎಂದು ಬಾಗಿಲು ಬಡಿಯುತ್ತಿದ್ದರು. ನೀನು ಒಮ್ಮೆಯೂ ಕೇಳಲಿಲ್ಲ. ತಂಗಿಯದು ತಾನೇ, ಏನೂ ಅನ್ನುವುದಿಲ್ಲ ಎಂದು ನಿನ್ನದನ್ನು ಕೊನೆಗಿಟ್ಟೆ. ನವೆಂಬರ್ ಇಪ್ಪತ್ತೊಂಬತ್ತಕ್ಕೆ ಗುದ್ದಲಿ ಹಾಕಿದೆ, ಬಂಡೆ ಸಿಕ್ಕಿತು, ಚಳಿಗೆ ಕೈ ಸೇದುತ್ತಿತ್ತು. ಮುಂದಿನ ವರ್ಷ ಮಾಡಿದರಾಯಿತು ಎಂದು ಮೀಟರಿನ ಹತ್ತಿರ ಒಂದು ತುಂಡು ಸೇರಿಸಿ ಮೊಹರು ಒತ್ತಿದೆ. ಮುಂದಿನ ವರ್ಷ ಬೇರೆ ಕೆಲಸ ಬಂತು. ಇಷ್ಟೇ. ಇದಕ್ಕಿಂತ ದೊಡ್ಡದು ಏನೂ ಇಲ್ಲ. ದೊಡ್ಡ ಕಾರಣ ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂದು ಈಗ ಅನಿಸುತ್ತದೆ.

ಅಮ್ಮ ಹೋಗುವುದಕ್ಕೆ ಒಂದು ವರ್ಷ ಮುಂಚೆ, ಸೀಸದ ನೀರು ಕೂಸುಗಳ ಮಿದುಳಿಗೆ ಆಗದು ಎಂದು ಸಂಘದಲ್ಲಿ ತಿಳಿಸಿದರು. ನೊಬುಯ ಕಣ್ಣ ಮುಂದೆ ಬಂದ. ಆದರೂ ನಿನಗೆ ಹೇಳಲಿಲ್ಲ. ನಲವತ್ತೊಂಬತ್ತನೆಯ ದಿನ ಯಾರೋ ಹೆಂಗಸು, "ಪಾಪ, ಈ ಹುಡುಗನಿಗೆ ಯಾಕೆ ಹೀಗಾಯ್ತು?" ಎಂದಳು. ಸುಮ್ಮನೆ ಕೇಳಿದ್ದು. ನನ್ನನ್ನೇ ಕೇಳಿದಳು ಎಂದುಕೊಂಡೆ. ಬಾಯಿಗೆ ಬಂದದ್ದು ನೀನು ಜಾರಿ ಬಿದ್ದ ಮಾತು. ಆಮೇಲೂ ಹನ್ನೊಂದು ವರ್ಷ ನೀನು ಆ ನೀರು ಕುಡಿಯುವುದನ್ನು ಈ ಕಿಟಕಿಯಿಂದ ನೋಡುತ್ತಾ ಕೂತೆ.

ಮೊನ್ನೆ ಇಲಾಖೆಗೆ ಹೋಗಿ ಎಲ್ಲ ಹೇಳಿದೆ. ಪೊಲೀಸರನ್ನು ಕರೆಯುತ್ತಾರೆ ಎಂದುಕೊಂಡಿದ್ದೆ. ಚಹಾ ಕೊಟ್ಟರು. ಮೂವತ್ತನಾಲ್ಕು ವರ್ಷದ ಹಿಂದಿನದು, ಬಂದು ಹೇಳಿದಿರಲ್ಲ, ಉಪಕಾರವಾಯಿತು ಎಂದರು. ಯಾರೂ ಬಯ್ಯಲಿಲ್ಲ. ನೀನಾದರೂ ಬಯ್ಯಿ.

ತಮೆಕಿಚಿ


ಹಿಂದಿನ ಮನೆ
ಏಪ್ರಿಲ್ ೨೯

ಅಣ್ಣ,

ನಿನ್ನೆ ಕೆಲಸ ಮುಗಿಯಿತು. ಬಂಡೆಯನ್ನು ಯಂತ್ರದಿಂದ ಒಡೆದು, ಐದಡಿ ಆಳದಲ್ಲಿ ಕೂರಿಸಿದ್ದಾರೆ. ಇನ್ನು ಎಂಥ ಚಳಿಗೂ ಹೆಪ್ಪುಗಟ್ಟುವುದಿಲ್ಲವಂತೆ. ನೀರು ಚೆನ್ನಾಗಿದೆ. ಬೆಳಿಗ್ಗೆ ಮೊದಲ ಬಟ್ಟಲು ಅಪ್ಪ ಅಮ್ಮನ ಮುಂದಿಟ್ಟೆ. ಅಮ್ಮನಿಗೆ ಏನೂ ಹೇಳಲಿಲ್ಲ. ಅವಳು ತನ್ನ ಕೈಯಾರೆ ಕಲಸಿ ಕುಡಿಸಿದವಳು, ಅವಳಿಗೆ ಇದು ಗೊತ್ತಾಗುವುದು ಬೇಡ.

ನೀನು ಬಯ್ಯಿ ಎಂದು ಬರೆದೆ. ಮೂರು ತಿಂಗಳು ಯೋಚಿಸಿದೆ. ಬೈಗುಳ ನಿನಗೆ ಹಗುರ. ಕೊಡುವುದಿಲ್ಲ.

ನೊಬುಯನನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನೀರಿನಿಂದಲೇ ಹೀಗಾಯಿತೇ ಎಂದು ಕೇಳಿದೆ. ಅಷ್ಟು ಹಿಂದಿನದನ್ನು ರಕ್ತ ನೋಡಿ ಹೇಳಲಾಗುವುದಿಲ್ಲ ಎಂದರು ಡಾಕ್ಟರು. "ನೀರಿಂದ ಇರಬಹುದು, ನೀವು ಬಿದ್ದದ್ದರಿಂದ ಇರಬಹುದು, ಎರಡೂ ಅಲ್ಲದೆ ಇರಬಹುದು. ಇನ್ನು ಯಾರಿಗೂ ಗೊತ್ತಾಗಲ್ಲಮ್ಮ." ಅಂದರೆ ನಾನು ಬಿಡುಗಡೆಯಾಗಲಿಲ್ಲ. ನೀನೂ ಆಗಲಿಲ್ಲ.

ಮೂವತ್ತೆರಡು ವರ್ಷ ಅವನು ಮಲಗಿದ ಮೇಲೆ ಪಕ್ಕದಲ್ಲಿ ಕೂತು, ತಪ್ಪಾಯಿತು ಮಗನೇ ಎಂದಿದ್ದೇನೆ. ಎಚ್ಚರವಿರುವಾಗ ಒಮ್ಮೆಯೂ ಹೇಳುವ ಧೈರ್ಯ ಬಂದಿರಲಿಲ್ಲ. ಹೋದ ವಾರ ಹೇಳಿದೆ. ಬಸುರಿಯಾಗಿದ್ದಾಗ ಜಾರಿ ಬಿದ್ದೆ, ನಿನಗೆ ಕಷ್ಟವಾಯಿತು, ತಪ್ಪಾಯಿತು ಎಂದು. ಅವನು ಏನು ಹೇಳಿದ ಎಂಬುದು ನನಗೂ ಅವನಿಗೂ ಇರಲಿ.

ಈಗ ನಿನ್ನ ಸರದಿ. ಇನ್ನು ಮೇಲೆ ನನಗೆ ಬರೆಯಬೇಡ, ನಾನೂ ಬರೆಯುವುದಿಲ್ಲ. ಭಾನುವಾರ ಅವನಿಗೆ ರಜೆ. ಬಾ, ಅವನ ಎದುರು ಕೂತು ಹೇಳು. ನಲವತ್ತಾರು ಮನೆ, ಸಂಘ, ಕರೆಂಟು ಯಾವುದೂ ಅವನಿಗೆ ಬೇಡ. ಅವನಿಗೆ ತಿಳಿಯುವ ಹಾಗೆ, ನಿಮ್ಮನೆ ನೀರು ಸರಿ ಮಾಡಬೇಕಿತ್ತು, ಬೇಜಾರಾಯಿತು, ಮಾಡಲಿಲ್ಲ ಎಂದು ಹೇಳು.

ಒಂದು ಮಾತು ಮೊದಲೇ ತಿಳಿದಿರಲಿ. "ಪರವಾಗಿಲ್ಲ ಮಾವ, ನಾನು ನೀರು ತಂದ್ಕೊಡ್ತೀನಿ" ಎನ್ನುತ್ತಾನೆ. ಅವನು ನಿನ್ನ ಕೈ ಹಿಡಿದುಕೊಂಡರೂ ಹಿಡಿದುಕೊಂಡಾನು. ಬಿಡಿಸಿಕೊಳ್ಳಬೇಡ. ಅಳಬೇಡ, ನೀನು ಅತ್ತರೆ ಅವನಿಗೆ ಭಯವಾಗುತ್ತದೆ. ಅವನಾಗಿ ಬಿಡುವವರೆಗೂ ಕೂತಿದ್ದು, ಆಮೇಲೆ ಎದ್ದು ಮನೆಗೆ ಹೋಗು.

ನಿನ್ನ ತಂಗಿ
ತೊಕಿಕೊ